ಅಳಿಯನ ಸರದಿ

ಪಾಚಿಯಿಂದ ಮನುಷ್ಯನ ಮಾನ ಹೋಗುತ್ತದೆ ಎಂದು ಮೊದಲೇ ಯಾರಾದರೂ ಹೇಳಿದ್ದರೆ ಅರ್ಧಮಾತ್ರೆಯವರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ಅದಕ್ಕೂ ಅರ್ಧ ಮಾತ್ರೆ ಸಾಕು, ಹೆದರ್ಬೇಡಿ" ಎಂದು ನಕ್ಕುಬಿಡುತ್ತಿದ್ದರು.

ಅರ್ಧಮಾತ್ರೆ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಅವರ ಮನೆಯಿದ್ದ ಕಟ್ಟಡದವರು ಇಟ್ಟದ್ದು. ಬೀದಿಯ ತಿರುವಿನಲ್ಲಿ ಅವರದೊಂದು ಔಷಧಿ ಅಂಗಡಿ. ತಲೆನೋವು, ಮೈಕೈ ನೋವು ಅಂತ ಯಾರೇ ಬರಲಿ, ಕತ್ತರಿಯಿಂದ ಮಾತ್ರೆಪಟ್ಟಿಯ ಒಂದು ಮೂಲೆಯನ್ನಷ್ಟೇ ಕತ್ತರಿಸಿ ಕೊಡುತ್ತ, "ಪೂರ್ತಿ ಯಾಕ್ರೀ? ಅರ್ಧ ಮಾತ್ರೆ ತಗೊಳ್ಳಿ. ಔಷಧಿ ಅಂದ್ರೆ ಊಟ ಅಲ್ಲ, ಹೊಟ್ಟೆ ತುಂಬಾ ತಿನ್ನೋಕೆ" ಎನ್ನುವುದು ಅವರ ವಾಡಿಕೆ. ಕಟ್ಟಡದ ತಾಯಂದಿರು ಕೂಸಿನ ಕೆಮ್ಮಿನ ಬಾಟಲಿ ಹಿಡಿದುಕೊಂಡು ಅವರ ಮನೆ ಬಾಗಿಲಿಗೇ ಬರುತ್ತಿದ್ದರು. ಡಾಕ್ಟರು ಬರೆದದ್ದನ್ನೂ ಇವರು ಒಮ್ಮೆ ಓದಿ "ಹ್ಞೂಂ" ಎಂದ ಮೇಲೆಯೇ ಹನಿ ಒಳಗಿಳಿಯಬೇಕು. ಈ ಗೌರವ ಅವರಿಗೆ ಬೇಡವಾಗಿತ್ತು ಎಂದರೆ ಸುಳ್ಳಾದೀತು. ಮೆಟ್ಟಿಲು ಹತ್ತುವಾಗ ಯಾರಾದರೂ ಆ ಅಡ್ಡಹೆಸರು ಹಿಡಿದು ಕರೆದರೆ ಒಳಗೊಳಗೇ ಹಿಗ್ಗುತ್ತಿದ್ದರು.

ಅವರ ನಡುಮನೆಯಲ್ಲಿ ಒಂದು ಫಿಶ್ ಟ್ಯಾಂಕ್ ಇತ್ತು. ಹೊಸ ಮನೆಗೆ ಬಂದಾಗ ಭಾವ, ಅಂದರೆ ಹೆಂಡತಿಯ ಅಣ್ಣ, ಕೊಟ್ಟ ಉಡುಗೊರೆ. ಕೊಟ್ಟದ್ದನ್ನು ಮರೆಯುವ ಮನುಷ್ಯನಲ್ಲ ಆತ. ಬಂದಾಗಲೆಲ್ಲ ಚಪ್ಪಲಿ ಬಿಟ್ಟವನೇ ನೇರ ಟ್ಯಾಂಕಿನ ಮುಂದೆ ನಿಂತು, ಗಾಜಿಗೆ ಮೂಗು ತಾಗಿಸಿ, ತಂಗಿ ಹೇಗಿದ್ದಾಳೆ ಎಂದು ಆಮೇಲೆ ಕೇಳುತ್ತಿದ್ದ. ಕಳೆದ ಸಲ ಬಂದಾಗ ಬಾಯಿ ಬಿಟ್ಟೇ ಅಂದಿದ್ದ: "ಏನ್ ಭಾವ, ನಾನು ಕೊಟ್ಟಿದ್ದು ಮೀನಿನ ಟ್ಯಾಂಕು. ನೀವು ಕೆರೆ ಮಾಡಿಟ್ಟಿದ್ದೀರಲ್ಲ!"

ಅವನು ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಾಜಿಗೆ ಹಸಿರು ಪಾಚಿ ಹತ್ತುವುದು ಎಲ್ಲರ ಮನೆಯ ಸುಖದುಃಖ, ಒರೆಸಿದರೆ ಹೋಗುತ್ತದೆ. ಇವರ ಟ್ಯಾಂಕಿಗೆ ಬಂದದ್ದು ಕಪ್ಪು ಪಾಚಿ. ಗಿಡದ ಎಲೆಯಂಚಿಗೆ, ಕಲ್ಲಿಗೆ, ಗಾಳಿಕೊಳವೆಯ ಬಾಯಿಗೆ, ಒಳಗಿಟ್ಟ ಮರದ ಬೊಡ್ಡೆಗೆ ಗಡ್ಡದ ಹಾಗೆ ಕುಚ್ಚುಕುಚ್ಚಾಗಿ ಬೆಳೆದುಕೊಂಡಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರು. ಬ್ರಷ್ಷು ಸವೆಯಿತು, ಗಡ್ಡ ಸವೆಯಲಿಲ್ಲ. ಬೆಳಕು ಕಡಿಮೆ ಮಾಡಿದರು. ಮೇವು ಕಡಿಮೆ ಮಾಡಿದರು. ಮೀನುಗಳು ಗಾಜಿನ ಹತ್ತಿರ ಬಂದು ಬಾಯಿ ಬಾಯಿ ಬಿಟ್ಟವೇ ಹೊರತು ಪಾಚಿ ಒಂದು ಎಳೆಯಷ್ಟೂ ಜಗ್ಗಲಿಲ್ಲ. ಒಟ್ಟಿನಲ್ಲಿ ಮೊಂಡರಿಗೆಲ್ಲ ಮೊಂಡ.

ಹಾಗಿರುವಾಗ ಅಳಿಯನ ಸರದಿ ಬಂತು.

ಈ ಅಳಿಯ ಯಾರು ಅಂತ ಹೇಳಿಬಿಡಬೇಕು. ಮೇಲಿನ ಮಹಡಿಯ ನಿವೃತ್ತ ಮೇಷ್ಟ್ರ ಹತ್ತಿರ ಪಾಚಿ ತಿನ್ನುವ ಮೀನೊಂದಿತ್ತು. ಕಂದುಬಣ್ಣ, ಚಪ್ಪಟೆ ಹೊಟ್ಟೆ, ಕೆಳಗಡೆಗೆ ಬಾಯಿ. ಗಾಜಿಗೆ ಆ ಬಾಯನ್ನು ಅಂಟಿಸಿಕೊಂಡು ದಿನವಿಡೀ ನೆಕ್ಕುವುದೇ ಅದರ ಕಸುಬು. ಬೆಳೆದು ಅಂಗೈಗಿಂತ ಉದ್ದವಾದ ಮೇಲೆ ಮೇಷ್ಟ್ರ ಒಂದು ಟ್ಯಾಂಕಿನ ಪಾಚಿ ಅದರ ಹಲ್ಲಿಗೂ ಸಾಲದಾಯಿತು. ಕಟ್ಟಡದಲ್ಲಿ ಮೀನು ಸಾಕಿದವರು ಇನ್ನೂ ಕೆಲವರಿದ್ದರು. ಮೇಷ್ಟ್ರು ಎಲ್ಲರನ್ನೂ ಕರೆದು ಸರದಿ ಹಾಕಿಕೊಟ್ಟರು. ಒಂದು ಮನೆಯಲ್ಲಿ ಸ್ವಲ್ಪ ದಿನ, ಆಮೇಲೆ ಮುಚ್ಚಳದ ಬಕೆಟಿನಲ್ಲಿ ಕೂತು ಮುಂದಿನ ಮನೆ. ಬರುವುದು, ಇದ್ದದ್ದೆಲ್ಲ ತಿನ್ನುವುದು, ಗೋಡೆಗೆ ಅಂಟಿಕೊಂಡು ಮಲಗುವುದು, ಯಾರೂ ತುಟಿಪಿಟಕ್ ಅನ್ನುವಂತಿಲ್ಲ. ಅದಕ್ಕೇ ಅಳಿಯ ಅಂತ ಹೆಸರು ಬಿತ್ತು. "ಅಳಿಯ ನಿಮ್ಮನೇಲಿ ಇನ್ನೆಷ್ಟು ದಿನ ಠಿಕಾಣಿ?" ಎಂದು ಮೆಟ್ಟಿಲ ಮೇಲೆ ಹೆಂಗಸರು ಕೇಳಿಕೊಳ್ಳುವಾಗ ಹೊರಗಿನವರು ಕಿವಿ ನಿಮಿರಿಸುತ್ತಿದ್ದರು.

ಸರದಿಗೆ ಇದ್ದದ್ದು ಒಂದೇ ಕಟ್ಟಳೆ: ಅಳಿಯ ಇರುವ ನೀರಿಗೆ ಯಾವ ಔಷಧಿಯನ್ನೂ ಹಾಕಬಾರದು. ಆ ಕಟ್ಟಳೆ ಮಾಡಿಸಿದವರು ಬೇರೆ ಯಾರೂ ಅಲ್ಲ, ಅರ್ಧಮಾತ್ರೆಯವರೇ. "ನಿಮಗೆ ಪಾಚಿ ಹೋಗೋ ಔಷಧಿ, ಅವನಿಗೆ ಅದು ವಿಷ" ಎಂದು ಎಲ್ಲರ ಮುಂದೆ ಬೆರಳೆತ್ತಿ ಹೇಳಿದ್ದರು.

ಅಳಿಯ ಬಂದವನು ಹಸಿರನ್ನೆಲ್ಲ ನೆಕ್ಕಿ ಗಾಜನ್ನು ಫಳಫಳ ಮಾಡಿದ. ಕಪ್ಪು ಗಡ್ಡದ ಹತ್ತಿರ ಮಾತ್ರ ಒಮ್ಮೆ ಸುಳಿದು, ಮೂಸಿ, ಮುಖ ತಿರುಗಿಸಿಕೊಂಡ. "ನೋಡ್ರೀ, ಅಳಿಯನಿಗೂ ರುಚಿಸ್ಲಿಲ್ಲ" ಎಂದು ಹೆಂಡತಿ ನಕ್ಕಳು. ನಕ್ಕವಳೇ, "ಅಂದ ಹಾಗೆ, ಅಣ್ಣ ಫೋನ್ ಮಾಡಿದ್ದ. ಈ ಭಾನುವಾರ ಬರ್ತಾನಂತೆ" ಎಂದಳು.

ಅರ್ಧಮಾತ್ರೆಯವರ ನಗು ಅಲ್ಲಿಗೇ ನಿಂತಿತು. ಕೆರೆ ಅಂದಿದ್ದ ಮಾತು ಇನ್ನೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಮರುದಿನವೇ ಮೀನಿನಂಗಡಿಗೆ ಹೋಗಿ ಪಾಚಿಯ ಔಷಧಿ ತಂದರು. ತಾಮ್ರ ಬೆರೆತ ನೀಲಿ ದ್ರವ. ಹೆಂಡತಿ ಹೊರಗೆ ಹೋದ ಹೊತ್ತು ನೋಡಿ, ಕನ್ನಡಕ ಜಾರಿಸಿಕೊಂಡು ಬಾಟಲಿಯ ಚೀಟಿ ಓದಿದರು. ಓದಲಿಲ್ಲ ಎನ್ನುವ ಹಾಗಿಲ್ಲ, ಎರಡು ಸಲ ಓದಿದರು. ಪಾಚಿ ತಿನ್ನುವ ಮೀನುಗಳಿದ್ದರೆ ಮೊದಲು ಬೇರೆಡೆಗೆ ತೆಗೆದಿಡಿ, ಹೇಳಿದ ಅಳತೆ ಮೀರಬೇಡಿ ಎಂದು ಸ್ಪಷ್ಟವಾಗಿ ಬರೆದಿತ್ತು.

ಅಳಿಯನನ್ನು ಎಲ್ಲಿ ತೆಗೆದಿಡುವುದು? ಬಕೆಟಿನಲ್ಲಿಟ್ಟರೆ ಗಾಳಿ ಸಾಲದು. ಮೇಷ್ಟ್ರಿಗೆ ವಾಪಸು ಕೊಟ್ಟರೆ ಯಾಕೆ ಅಂತ ಕೇಳುತ್ತಾರೆ. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ಹೆದರಿ ಬಾಟಲಿ ಮುಚ್ಚಿಡುತ್ತಿದ್ದರೋ ಏನೋ. ಇವರಿಗೆ ಹುಟ್ಟಿದ್ದು ಔಷಧಿ ಅಂಗಡಿಯವನಿಗಷ್ಟೇ ಹುಟ್ಟುವ ಬುದ್ಧಿ. ಚೀಟಿಯಲ್ಲಿ ಬರೆದ ಅಳತೆಗಿಂತ ಹೆಚ್ಚಾದರೂ ತಕ್ಷಣ ಏನೂ ಆಗದ ಹಾಗೆ ಕಂಪನಿಯವರು ನಡುವೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ ಎಂಬ ಗುಟ್ಟು ಅವರಿಗೆ ಗೊತ್ತು. ಗಿರಾಕಿಗೆ ಅದನ್ನು ಯಾವತ್ತೂ ಹೇಳುವವರಲ್ಲ. ತಮಗೆ ತಾವೇ ಹೇಳಿಕೊಂಡರು. ಭಾನುವಾರ ಹತ್ತಿರವಿದೆ, ಒಂದು ಅಳತೆಗೆ ಈ ಮೊಂಡ ಬಗ್ಗುವುದಿಲ್ಲ ಎಂದುಕೊಂಡು ಎರಡರಷ್ಟು ಸುರಿದರು. ಹೇಳೋದು ಶಾಸ್ತ್ರ, ಹಾಕೋದು ಗಾಳ!

ಪಾಚಿಯೇನೋ ಸತ್ತಿತು. ಕಪ್ಪು ಹೋಗಿ ಬೂದಿಬಣ್ಣಕ್ಕೆ ತಿರುಗಿ ಉದುರಿತು. ಜೊತೆಗೆ ಮರಳಿನ ಮೇಲೆ ತೆವಳುತ್ತಿದ್ದ ಬಸವನಹುಳುಗಳೂ ಚಿಪ್ಪಿನಿಂದ ಅರ್ಧ ಹೊರಬಂದು ಸತ್ತು ಬಿದ್ದವು. ಅರ್ಧಮಾತ್ರೆಯವರು ಅವನ್ನು ಹೆಂಡತಿಯ ಕಣ್ಣಿಗೆ ಬೀಳದ ಹಾಗೆ ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದರು. ಅಳಿಯ ನೀರಿನ ಮೇಲ್ಗಡೆ ಬಂದು ಬಾಯಿ ಕಿಸಿದು ಗಾಳಿ ಗುಟುಕರಿಸುತ್ತಿದ್ದ. ಗಡಿಬಿಡಿಯಲ್ಲಿ ಅರ್ಧ ನೀರು ಬದಲಾಯಿಸಿದರು. ಅವನು ಸ್ವಲ್ಪ ಸುಧಾರಿಸಿಕೊಂಡ ಹಾಗೆ ಕಂಡಿತು, ಅಥವಾ ಹಾಗೆ ಕಾಣಲಿ ಎಂದು ಇವರು ಬಯಸಿದರು.

ಭಾನುವಾರ ಭಾವ ಬಂದ. ಫೋನಿನಲ್ಲಿ ಯಾರ ಜೊತೆಗೋ ಜಗಳವಾಡುತ್ತ ಬಂದವನು ಜಗಳವಾಡುತ್ತಲೇ ಊಟ ಮಾಡಿ, ಜಗಳವಾಡುತ್ತಲೇ ಹೊರಟುಹೋದ. ಟ್ಯಾಂಕಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಅಳಿಯನ ಮುಂದಿನ ಸರದಿ ಕೆಳಮನೆಯ ತೊಟ್ಟಿಲಕ್ಕನದು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಕೂಸುಗಳನ್ನು ಇವರ ಮಡಿಲಿಗೆ ಹಾಕಿ ಸಂಜೆ ಎತ್ತಿಕೊಂಡು ಹೋಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅದೇ ಅವರ ಬದುಕು. ಅವರ ಮನೆಯಲ್ಲಿ ಸಣ್ಣದೊಂದು ಟ್ಯಾಂಕಿದ್ದದ್ದೂ ಮಕ್ಕಳಿಗಾಗಿಯೇ. ಅಳುವ ಕೂಸನ್ನು ಅದರ ಮುಂದೆ ಹಿಡಿದರೆ ಸಾಕು, ಕಣ್ಣರಳಿಸಿ ಸುಮ್ಮನಾಗುತ್ತಿತ್ತು.

ಅರ್ಧಮಾತ್ರೆಯವರು ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಾಗ ತೊಟ್ಟಿಲಕ್ಕ ಇಣುಕಿ ನೋಡಿದರು. "ಯಾಕಣ್ಣಾ, ಅಳಿಯ ಮಂಕಾಗಿದ್ದಾನೆ?"

ಆಗಲೇ ಹೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. "ನಮ್ಮನೇಲಿ ಚೆನ್ನಾಗಿ ತಿಂದಿದ್ದಾನಲ್ಲ, ತೂಕಡಿಸ್ತಿದ್ದಾನೆ" ಎಂದುಬಿಟ್ಟರು. ತೊಟ್ಟಿಲಕ್ಕ ನಕ್ಕು ಬಕೆಟ್ ತೆಗೆದುಕೊಂಡರು.

ಅಳಿಯ ಅವರ ಮನೆಯಲ್ಲಿ ಸತ್ತ.

ಸುದ್ದಿ ಕೇಳಿ ಮೇಷ್ಟ್ರೂ ಅರ್ಧಮಾತ್ರೆಯವರೂ ಮೆಟ್ಟಿಲಿಳಿದು ಬಂದರು. ಪಕ್ಕದ ಮನೆಯ ಟೈಲರಮ್ಮ ಅಳತೆಪಟ್ಟಿ ಕೊರಳಲ್ಲಿ ಹಾಕಿಕೊಂಡೇ ಬಂದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ತನ್ನ ಕೂಸನ್ನು ತೊಟ್ಟಿಲಕ್ಕನ ಹತ್ತಿರ ಬಿಡುವವಳು, ಬಾಗಿಲಲ್ಲೇ ನಿಂತಳು. ತಟ್ಟೆಯಲ್ಲಿ ಅಳಿಯ ಮಲಗಿದ್ದ. ತೊಟ್ಟಿಲಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು. "ನಾನೇನೂ ಮಾಡಿಲ್ಲ ಮೇಷ್ಟ್ರೇ. ಮಕ್ಕಳ ಮೇಲಾಣೆ, ಬೇರೆ ಮೇವು ಕೂಡ ಹಾಕಿಲ್ಲ" ಎಂದು ಅದನ್ನೇ ಹೇಳುತ್ತಿದ್ದರು.

"ಮೇಲ್ಮನೇಲಿ ಚೆನ್ನಾಗಿದ್ದೋನು ಇಲ್ಲಿಗೆ ಬಂದ ತಕ್ಷಣ ಹೋಗ್ಬಿಟ್ಟ ಅಂದ್ರೆ..." ಎಂದಳು ಟೈಲರಮ್ಮ. "ಕೆಲವರ ಕೈಗುಣ ಹಾಗೆ. ಅವರೇನು ಬೇಕು ಅಂತ ಮಾಡ್ತಾರಾ?"

ಮೇಷ್ಟ್ರು ಅರ್ಧಮಾತ್ರೆಯವರ ಕಡೆ ತಿರುಗಿದರು. "ನೀವು ಔಷಧಿ, ವಿಷ ಎಲ್ಲ ಬಲ್ಲವರು. ನೀವೇ ಹೇಳಿ, ಏನಾಗಿರಬಹುದು?"

ಎಲ್ಲರ ಕಣ್ಣೂ ಅವರ ಮೇಲೆ. ಇಂಥ ಹೊತ್ತಿನಲ್ಲಿ ಕನ್ನಡಕ ಜಾರಿಸಿ ತೀರ್ಪು ಕೊಡುವುದು ಅವರಿಗೆ ಅಭ್ಯಾಸ. ಆವತ್ತು ಕನ್ನಡಕ ಒರೆಸುವ ನೆವದಲ್ಲಿ ತಲೆ ತಗ್ಗಿಸಿದರು. "ಜೀವ ಅಂದ್ಮೇಲೆ... ಏನಾದ್ರೂ ಆಗುತ್ತೆ. ಇಂಥದ್ದೇ ಅಂತ ಹೇಳೋಕಾಗಲ್ಲ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಬಂದರು. ಮೆಟ್ಟಿಲು ಹತ್ತುವಾಗ ಕಿವಿ ಕಾದು ಹೋಗಿತ್ತು. ಛೀ, ಎಂಥ ಮನುಷ್ಯ ನಾನು ಎಂದು ಅವರಿಗೇ ಅನ್ನಿಸಿತು. ಆದರೂ ಇಳಿದು ಹೋಗಿ ಹೇಳಲಿಲ್ಲ.

ಕೈಗುಣ ಎಂಬ ಮಾತಿಗೆ ಕಾಲು ಬಂತು. ಮೆಟ್ಟಿಲ ಮೇಲೆ ನಡೆಯಿತು, ನಲ್ಲಿಯ ಹತ್ತಿರ ನಿಂತಿತು, ಮನೆಮನೆ ಹೊಕ್ಕಿತು. ಮೊದಲು ಮೀನಿನ ಬಗ್ಗೆ ಇದ್ದದ್ದು ಆಮೇಲೆ ಮೀನಿನ ಬಗ್ಗೆ ಉಳಿಯಲಿಲ್ಲ. ಬ್ಯಾಂಕಿನ ಹುಡುಗಿ ಕೂಸಿನ ನೆಗಡಿಗೆ ಹನಿ ಕೊಳ್ಳಲು ಅಂಗಡಿಗೆ ಬಂದವಳು ತಾನಾಗಿ ಹೇಳಿದಳು: "ಅಂಕಲ್, ಪಾಪೂನ ಬೇರೆ ಕಡೆ ಬಿಡ್ತಿದ್ದೀನಿ ಈಗ. ತೊಟ್ಟಿಲಕ್ಕ ಒಳ್ಳೇವ್ರೇ, ಇಲ್ಲ ಅನ್ನಲ್ಲ. ಆದ್ರೆ ಒಂದು ಮೀನು ನೋಡ್ಕೊಳ್ಳೋಕೆ ಆಗ್ದೇ ಇರೋರ ಹತ್ರ ಹೆತ್ತ ಮಗು ಹೇಗೆ ಬಿಡೋದು ಹೇಳಿ? ಮನಸ್ಸು ತಡೀಲಿಲ್ಲ."

ಅರ್ಧಮಾತ್ರೆಯವರು ಹನಿ ಔಷಧಿಯನ್ನು ಲಕೋಟೆಗೆ ಹಾಕುತ್ತಿದ್ದರು. ಕೈ ನಿಂತಿತು. ಈಗ ಹೇಳು, ಈಗ ಹೇಳು ಎಂದು ಒಳಗೆ ಯಾರೋ ತಿವಿದರು. ಹೇಳಿದರೆ ಈ ಹುಡುಗಿ ನಾಳೆಯಿಂದ ತನ್ನ ಕೈಯಿಂದ ಕೂಸಿಗೆ ಹನಿ ಔಷಧಿಯನ್ನಾದರೂ ಕೊಳ್ಳುತ್ತಾಳೆಯೇ? "ಎಷ್ಟು ಹನಿ ಅಂಕಲ್?" ಎಂದು ಅವಳು ಕೇಳಿದಳು. "ಚೀಟಿ ಓದ್ಕೊಳ್ಳಮ್ಮ" ಎಂದು ಮುಖ ತಿರುಗಿಸಿದರು. ಅವಳಿಗೆ ಆಶ್ಚರ್ಯವಾಯಿತು. ಇನ್ನೊಂದು ಮನೆಯವರೂ ಮಗುವನ್ನು ಬಿಡಿಸಿದರು ಎಂದು ಅದೇ ವಾರ ಗೊತ್ತಾಯಿತು.

ಮನೆಯಲ್ಲಿ ಹೆಂಡತಿಯೂ ಅದನ್ನೇ ಎತ್ತಿದಳು. "ಪಾಪ, ತೊಟ್ಟಿಲಕ್ಕನ ಮನೆ ಬಿಕೋ ಅಂತಿದೆ. ಏನು ಮಾಡೋದು, ಅವರ ಕೈಗುಣ..."

"ಕೈಗುಣವಂತೆ ಕೈಗುಣ! ಸುಮ್ನಿರು ಸಾಕು" ಎಂದು ಇವರು ಗದರಿದರು. ಜನ್ಮದಲ್ಲಿ ದನಿ ಏರಿಸದ ಗಂಡ. ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಒಮ್ಮೆ ಅವರ ಮುಖ ನೋಡಿದಳು, ಒಮ್ಮೆ ಪಾಚಿಯಿಲ್ಲದೆ ಥಳಥಳಿಸುವ ಟ್ಯಾಂಕು ನೋಡಿದಳು. ಗಡ್ಡ ಹೋದದ್ದು ಹೇಗೆ ಎಂದು ಅವಳು ಆವರೆಗೆ ಕೇಳಿಯೇ ಇರಲಿಲ್ಲ.

"ಅಯ್ಯೋ ರಾಮ" ಎಂದಳು ಮೆಲ್ಲಗೆ. "ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗಾಯ್ತಲ್ರೀ."

ಆಮೇಲೆ ಹೆಂಡತಿ ಆ ಮಾತು ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಡಿಸುವಾಗ ಮುಖ ನೋಡದೆ ಬಡಿಸತೊಡಗಿದಳು. ಅನ್ನ ಅವರಿಗೆ ನುಂಗಲಾರದ ತುತ್ತಾಯಿತು.

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ತೊಟ್ಟಿಲಕ್ಕ. ಕೈಯಲ್ಲಿ ನೀರು ತುಂಬಿದ ಪಾತ್ರೆ, ಅದರೊಳಗೆ ಅವರ ಟ್ಯಾಂಕಿನ ಪುಟ್ಟ ಮೀನುಗಳು. ಸೊಂಟದ ಮೇಲೆ ಯಾವ ಕೂಸೂ ಇರಲಿಲ್ಲ. ಕೂಸಿಲ್ಲದ ತೊಟ್ಟಿಲಕ್ಕನನ್ನು ಅವರು ಆ ಹೊತ್ತಿನಲ್ಲಿ ನೋಡಿದ್ದೇ ಇಲ್ಲ.

"ಅಣ್ಣಾ, ಇವನ್ನ ನಿಮ್ಮ ಟ್ಯಾಂಕಿಗೆ ಬಿಟ್ಕೊಳ್ಳಿ. ನನ್ನ ಕೈಗೆ ಇನ್ನು ಬೇಡ" ಎಂದರು.

"ಯಾಕಕ್ಕ, ಹೀಗೆಲ್ಲ..."

"ಜನ ಅಂದಿದ್ದು ಇರ್ಲಿ, ಈಗ ನನಗೇ ಹಾಗನ್ನಿಸ್ತಿದೆ. ಉಳಿದಿರೋ ಮಗೂಗೆ ತುತ್ತು ಕೊಡೋವಾಗ ಕೈ ನಡುಗುತ್ತೆ. ಮಲಗಿದ್ರೆ ಉಸಿರಾಡ್ತಿದೆಯಾ ಅಂತ ಹೋಗಿ ಹೋಗಿ ನೋಡ್ತೀನಿ. ಇಷ್ಟು ವರ್ಷ ಎಷ್ಟೋ ಮಕ್ಕಳನ್ನ ಎತ್ತಿ ಆಡಿಸಿದ ಕೈ ಇದು." ಪಾತ್ರೆಯನ್ನು ಮುಂದಕ್ಕೆ ಚಾಚಿ ಮುಂದುವರಿಸಿದರು: "ನಿಮಗೇ ಯಾಕೆ ಕೊಡ್ತಿದ್ದೀನಿ ಅಂದ್ರೆ, ಅವತ್ತು ಎಲ್ಲರೂ ಒಂದೊಂದು ಅಂದ್ರು. ನೀವೊಬ್ಬರೇ ನನ್ನ ಮೇಲೆ ತಪ್ಪು ಹೊರಿಸಲಿಲ್ಲ. ಜೀವ ಅಂದ್ಮೇಲೆ ಏನಾದ್ರೂ ಆಗುತ್ತೆ ಅಂದ್ರಲ್ಲ, ಅದೊಂದು ಮಾತು ಹಿಡ್ಕೊಂಡು ಇಷ್ಟು ದಿನ ತಳ್ಳಿದ್ದೀನಿ. ನಿಮ್ಮ ಉಪಕಾರ ಮರೆಯಲ್ಲ."

ಅರ್ಧಮಾತ್ರೆಯವರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಒಳಬಾಗಿಲಲ್ಲಿ ಹೆಂಡತಿ ನಿಂತಿದ್ದು ಬೆನ್ನಿಗೆ ಗೊತ್ತಾಗುತ್ತಿತ್ತು. ಪಾತ್ರೆಗೆ ಕೈ ಚಾಚಲಿಲ್ಲ.

"ನಾನೇ ಕೊಂದಿದ್ದು ಅಕ್ಕ" ಎಂದರು.

ತೊಟ್ಟಿಲಕ್ಕನಿಗೆ ಅರ್ಥವಾಗಲಿಲ್ಲ. ಅವರು ಹೇಳಿದರು. ಕಪ್ಪು ಪಾಚಿ, ಭಾವ, ನೀಲಿ ಔಷಧಿ, ಎರಡರಷ್ಟು ಸುರಿದದ್ದು, ಸತ್ತ ಬಸವನಹುಳು, ಎಲ್ಲ. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಕೇಳುತ್ತ ಕೇಳುತ್ತ ತೊಟ್ಟಿಲಕ್ಕನ ಬೆನ್ನು ನೆಟ್ಟಗಾಯಿತು.

"ಬಕೆಟ್ ನನ್ನ ಕೈಗೆ ಕೊಡೋವಾಗ ನಿಮಗೆ ಗೊತ್ತಿತ್ತಾ?"

ಸುಳ್ಳು ಹೇಳಲು ಅಲ್ಲೂ ಒಂದು ಸಂದಿ ಇತ್ತು. "ಗೊತ್ತಿತ್ತು" ಎಂದರು.

ತೊಟ್ಟಿಲಕ್ಕ ಬೈಯಲಿಲ್ಲ, ಅಳಲಿಲ್ಲ. "ನನಗೆ ಹೇಳಿದ್ರೆ ಏನು ಬಂತು? ನಾನು ಮಾಡಿಲ್ಲ ಅಂತ ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ. ಅವರಿಗೆ ಹೇಳಿ" ಎಂದು ಪಾತ್ರೆಯನ್ನು ಎದೆಗೆ ಅವಚಿಕೊಂಡು ಇಳಿದುಹೋದರು.

ಅರ್ಧಮಾತ್ರೆಯವರು ಆ ಸಂಜೆ ಅಂಗಡಿ ತೆರೆಯಲಿಲ್ಲ. ಜನ ಕೆಲಸದಿಂದ ಮರಳುವ ಹೊತ್ತಿಗೆ ಕೆಳಗಿಳಿದು ತೊಟ್ಟಿಲಕ್ಕನ ಬಾಗಿಲ ಎದುರಿನ ಮೆಟ್ಟಿಲಲ್ಲಿ ನಿಂತರು. ಮೇಷ್ಟ್ರನ್ನು ಕೂಗಿ ಕರೆದರು. ಟೈಲರಮ್ಮನನ್ನು ಕರೆದರು. ಬ್ಯಾಂಕಿನ ಹುಡುಗಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಗೇಟು ದಾಟಿ ಬಂದಳು, ಅವಳನ್ನೂ ನಿಲ್ಲಿಸಿದರು. ಬಾಗಿಲ ಒಳಗೆ ತೊಟ್ಟಿಲಕ್ಕ ನಿಂತಿದ್ದರು. ಇನ್ನು ನನ್ನ ಅಂಗಡಿಯ ಮೆಟ್ಟಿಲು ಯಾರೂ ಹತ್ತುವುದಿಲ್ಲ, ಹೋಗಲಿ, ಹೋಗಬೇಕಾದದ್ದೇ ಎಂದುಕೊಂಡು ಅರ್ಧಮಾತ್ರೆಯವರು ಮುಚ್ಚುಮರೆಯಿಲ್ಲದೆ ಹೇಳಿ ಮುಗಿಸಿದರು. "ತೊಟ್ಟಿಲಕ್ಕನ ಕೈಯದೇನೂ ತಪ್ಪಿಲ್ಲ. ಕಟ್ಟಳೆ ಮಾಡಿದ್ದೂ ನಾನೇ, ಮುರಿದಿದ್ದೂ ನಾನೇ, ಬಾಯಿ ಮುಚ್ಕೊಂಡು ಕೂತಿದ್ದೂ ನಾನೇ."

ಮೇಷ್ಟ್ರು ನಕ್ಕುಬಿಟ್ಟರು.

"ಅಯ್ಯೋ ಮಾರಾಯ್ರೇ, ಇಷ್ಟಕ್ಕೆ ಇಷ್ಟೊಂದು ಪೀಠಿಕೆನಾ? ನಾನೇನೋ ಅಂದ್ಕೊಂಡೆ! ಅವನಿಗೂ ವಯಸ್ಸಾಗಿತ್ತು ಬಿಡಿ."

"ಅಲ್ವಾ ಮತ್ತೆ" ಎಂದಳು ಟೈಲರಮ್ಮ. "ಎಷ್ಟು ಕೊರಗಿದ್ದಾರೆ ನೋಡಿ ಪಾಪ, ಮುಖ ಎಷ್ಟು ಬಾಡಿದೆ. ಒಂದು ಮೀನು ತಾನೇ! ಯಾರ ಕೈಲಿ ತಪ್ಪಾಗಲ್ಲ?"

"ಅಲ್ರೀ, ನಿಮಗೆ ಅರ್ಥ ಆಗ್ತಿಲ್ಲ..." ಎಂದು ಅರ್ಧಮಾತ್ರೆಯವರು ತೊದಲಿದರು.

"ಅಂಕಲ್, ನಿಮ್ಮಷ್ಟು ಪ್ರಾಮಾಣಿಕರು ಯಾರಿದ್ದಾರೆ ಹೇಳಿ?" ಎಂದಳು ಬ್ಯಾಂಕಿನ ಹುಡುಗಿ. ಕೂಸಿನ ಬೆನ್ನು ತಟ್ಟುತ್ತ ದನಿ ತಗ್ಗಿಸಿ, "ಇವನು ಆ ಹೊಸ ಜಾಗಕ್ಕೆ ಹೊಂದ್ಕೊಂಡ್ಬಿಟ್ಟಿದ್ದಾನೆ, ಮತ್ತೆ ಬದಲಾಯಿಸೋದು ಕಷ್ಟ ಆಗುತ್ತೆ... ಅಂದ ಹಾಗೆ ನೆಗಡಿ ಇನ್ನೂ ಹೋಗಿಲ್ಲ. ಅದೇ ಹನಿ ಕೊಡ್ಲಾ, ಇಲ್ಲಾ ಬೇರೆ ಕೊಡ್ತೀರಾ?" ಎಂದು ಕೇಳಿದಳು.

ಉಗಿಯುತ್ತಾರೆ ಎಂದು ಮುಖವೊಡ್ಡಿ ನಿಂತವರಿಗೆ ಯಾರೂ ಉಗಿಯಲಿಲ್ಲ. ಮೇಷ್ಟ್ರು ಹೆಗಲು ತಟ್ಟಿ ಮೆಟ್ಟಿಲು ಹತ್ತಿದರು. ಟೈಲರಮ್ಮ ಹೊಲಿಗೆ ಬಾಕಿಯಿದೆ ಎಂದು ಒಳಗೆ ಹೋದಳು. ನಾಳೆ ಅಂಗಡಿಗೆ ಬರುತ್ತೇನೆ ಎಂದು ಹುಡುಗಿಯೂ ಹೊರಟಳು. ಅವರ ಅಂಗಡಿ, ಅವರ ಹೆಸರು, ಅವರ ಮಾತಿನ ಬೆಲೆ ಎಲ್ಲ ಇದ್ದ ಹಾಗೇ ಇತ್ತು, ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಅರ್ಧಮಾತ್ರೆಯವರಿಗೆ ಹಿಂದೆಂದೂ ಆಗದಷ್ಟು ನಾಚಿಕೆಯಾಯಿತು. ತಲೆಯೆತ್ತಿ ತೊಟ್ಟಿಲಕ್ಕನ ಕಡೆ ನೋಡಲು ಬಹಳ ಹೊತ್ತು ಬೇಕಾಯಿತು.

ತೊಟ್ಟಿಲಕ್ಕ ಬಾಗಿಲಿಗೆ ಕೈಯಾನಿಸಿ ನಿಂತಿದ್ದರು.

"ಕೇಳಿಸ್ಕೊಂಡ್ರಾ ಅಣ್ಣಾ?" ಎಂದರು. "ಒಂದು ಮೀನು ತಾನೇ, ಅಂದ್ರು."

ಒಳಗೆ ಉಳಿದಿದ್ದ ಒಂದೇ ಕೂಸು ಎದ್ದು ಅಳತೊಡಗಿತು. ತೊಟ್ಟಿಲಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.